ನನ್ನ ಪಾಸ್‌ವರ್ಡ್ ನನಗೇ ಗೊತ್ತಿಲ್ಲ

ಅಪ್ಪನ ಹತ್ತಿರ ಒಂದು ಪುಟ್ಟ ಡೈರಿ ಇದೆ. ಎಷ್ಟೋ ವರ್ಷದ ಹಿಂದಿನದು, ರಟ್ಟಿನ ಮೂಲೆಗಳು ಸವೆದು ಬಟ್ಟೆಯ ಹಾಗಾಗಿವೆ. ಗ್ಯಾಸ್ ಕನೆಕ್ಷನ್ ನಂಬರು, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರು, ಮೊಮ್ಮಗಳ ನಕ್ಷತ್ರ, ಎಲ್ಲ ಅದರಲ್ಲೇ. ಫೋನ್ ನಂಬರುಗಳ ಪುಟದಲ್ಲಿ 'ರಂಗಣ್ಣ, ಮಂಡ್ಯ' ಅಂತ ಒಬ್ಬರಿದ್ದಾರೆ. ನಮ್ಮ ಬಳಗದಲ್ಲಿ ರಂಗಣ್ಣ ಅಂತ ಯಾರೂ ಇಲ್ಲ. ಆ ಹತ್ತು ಅಂಕಿಗಳಲ್ಲಿ ಕೊನೆಯ ನಾಲ್ಕು ಅಪ್ಪನ ಎಟಿಎಂ ಪಿನ್.

ನಾನು ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳುವವನು. ಅಪ್ಪನ ಉಪಾಯ ನೋಡಿ ನಕ್ಕಿದ್ದೆ. ಆಮೇಲೆ ನನ್ನದೇ ಬಂಡವಾಳ ನೆನಪಾಯಿತು. ಏಳೆಂಟು ವರ್ಷ ನನ್ನ ಇಮೇಲ್, ಬ್ಯಾಂಕು, ರೈಲು ಟಿಕೆಟ್, ಪಿಎಫ್, ಆಫೀಸಿನ ಲಾಗಿನ್ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇತ್ತು. ಊರಿನ ಹೆಸರು, ಒಂದು '@', ಹುಟ್ಟಿದ ವರ್ಷ. ಇದಕ್ಕಿಂತ ರಂಗಣ್ಣನೇ ವಾಸಿ. ಅವನನ್ನು ಕದಿಯಬೇಕಾದರೆ ಕಳ್ಳ ನಮ್ಮನೆ ಬೀರುವಿನ ತನಕ ಬರಬೇಕು.

ಪಾಸ್‌ವರ್ಡ್ ಕಳ್ಳತನ ಅಂದರೆ ಯಾರೋ ಕೂತು ನಮ್ಮ ಮಗಳ ಹೆಸರು, ನಾಯಿಯ ಹೆಸರು ಅಂತ ಒಂದೊಂದೇ ಹಾಕಿ ನೋಡುತ್ತಾರೆ ಅಂದುಕೊಂಡಿರುತ್ತೇವೆ. ಹಾಗೂ ನಡೆಯುತ್ತದೆ. ಆದರೆ ನಾಲ್ಕೈದು ಸಲ ತಪ್ಪಿದರೆ ಬಹಳಷ್ಟು ಕಡೆ ಅಕೌಂಟ್ ಲಾಕ್ ಆಗುತ್ತದಲ್ಲ. ಹಾಗಾಗಿ ದೊಡ್ಡ ಕಳ್ಳರು ವೆಬ್‌ಸೈಟಿನವರ ಉಗ್ರಾಣಕ್ಕೇ ಕನ್ನ ಹಾಕುತ್ತಾರೆ. ಲಕ್ಷಾಂತರ ಜನರ ಪಾಸ್‌ವರ್ಡ್ ಇರುವ ಫೈಲು ಒಟ್ಟಿಗೇ ಹೋಗುತ್ತದೆ. ಈ ಕಾಯಿಲೆ ಪಾಸ್‌ವರ್ಡಿನಷ್ಟೇ ಹಳೆಯದು. 1960ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದು ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸಲಿ ಅಂತ ಪಾಸ್‌ವರ್ಡ್ ತಂದರು. 1962ರಲ್ಲೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಕಂಪ್ಯೂಟರ್ ಸಮಯ ಸಾಲದು ಅಂತ, ಇಡೀ ಪಾಸ್‌ವರ್ಡ್ ಫೈಲನ್ನು ಪ್ರಿಂಟ್ ಹಾಕಿಸಿಕೊಂಡ. ಸಾಹಸವೇನೂ ಬೇಕಾಗಲಿಲ್ಲ. ಈ ಫೈಲ್ ಪ್ರಿಂಟ್ ಮಾಡಿ ಅಂತ ಪಂಚ್ ಕಾರ್ಡ್ (ತೂತು ಹೊಡೆದು ಆದೇಶ ಬರೆಯುವ ರಟ್ಟು) ಕೊಟ್ಟ, ಬಂತು.

ಆ ಫೈಲಿನಲ್ಲಿ ಪಾಸ್‌ವರ್ಡ್‌ಗಳು ಇದ್ದ ಹಾಗೇ ಇದ್ದವು. ಹಾಗೆ ಇಡಬಾರದು ಅಂತ ಬಂದದ್ದೇ ಹ್ಯಾಷಿಂಗ್. ಅದನ್ನು ಚಟ್ನಿ ರುಬ್ಬುವುದು ಅಂದುಕೊಳ್ಳಿ. ಕಾಯಿ, ಮೆಣಸಿನಕಾಯಿ, ಹುರಿಗಡಲೆ ಹಾಕಿ ರುಬ್ಬಿದರೆ ಚಟ್ನಿ ಬರುತ್ತದೆ, ಚಟ್ನಿಯಿಂದ ಕಾಯಿ ವಾಪಸ್ ಬರಲ್ಲ. ವೆಬ್‌ಸೈಟು ನಿಮ್ಮ ಪಾಸ್‌ವರ್ಡನ್ನು ರುಬ್ಬಿ, ಚಟ್ನಿ ಮಾತ್ರ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ನೀವು ಟೈಪ್ ಮಾಡಿದ್ದನ್ನೂ ರುಬ್ಬಿ, ಎರಡೂ ಒಂದೇನಾ ಅಂತ ನೋಡುತ್ತದೆ. ಕಳ್ಳನಿಗೆ ಸಿಗುವುದೂ ಚಟ್ನಿಯೇ. ಅವನೇನು ಮಾಡುತ್ತಾನೆ? ಜನ ಹಾಕಬಹುದಾದ ಪಾಸ್‌ವರ್ಡ್‌ಗಳನ್ನೆಲ್ಲ ತಾನೇ ರುಬ್ಬಿ ರುಬ್ಬಿ ರುಚಿ ಹೋಲಿಸುತ್ತಾನೆ. ಒಂದೇ ಪಾಸ್‌ವರ್ಡ್ ಇಟ್ಟ ಸಾವಿರ ಜನರ ಚಟ್ನಿಯೂ ಒಂದೇ ಆದರೆ ಅವನಿಗೆ ಹಬ್ಬ, ಒಂದು ಸಿಕ್ಕರೆ ಸಾವಿರವೂ ಸಿಕ್ಕ ಹಾಗೆ. ಅದಕ್ಕೇ ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಅಂಕಿ-ಅಕ್ಷರದ ಚೂರು ಸೇರಿಸಿ ರುಬ್ಬುವ ಪದ್ಧತಿ ಬಂತು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬ ಕಂಪ್ಯೂಟರ್ ತಜ್ಞರು 1979ರಲ್ಲಿ ಯೂನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಅದನ್ನು ಕರೆದದ್ದು 'ಸಾಲ್ಟ್' ಅಂತ. ಉಪ್ಪು! ಚಟ್ನಿಯ ಹೋಲಿಕೆ ನನ್ನದಾದರೂ ಉಪ್ಪು ಅವರದೇ.

ಅದೇ ಪ್ರಬಂಧದಲ್ಲಿ ಇನ್ನೊಂದು ಲೆಕ್ಕ ಇದೆ. ಅವರು 3,289 ಪಾಸ್‌ವರ್ಡ್‌ಗಳನ್ನು ನೋಡಿದರು. ಶೇ. 86ರಷ್ಟು ತೀರಾ ಚಿಕ್ಕವು, ಇಲ್ಲಾ ನಿಘಂಟಿನಲ್ಲೋ ಹೆಸರುಗಳ ಪಟ್ಟಿಯಲ್ಲೋ ಸಿಗುವಂಥವು. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಹೊರಬಿದ್ದಾಗ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು 123456. ಮೂವತ್ತು ವರ್ಷದಲ್ಲಿ ಯಂತ್ರ ಎಲ್ಲಿಗೋ ಹೋಯಿತು, ಮನುಷ್ಯ ಅಲ್ಲೇ ಇದ್ದ.

ಯಂತ್ರ ಎಲ್ಲಿಗೆ ಹೋಗಿದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಲ್ಲಿ ಎಂಟಕ್ಷರದ ಪಾಸ್‌ವರ್ಡ್ ಎಷ್ಟು ಮಾಡಬಹುದು? ಸುಮಾರು 20,882 ಕೋಟಿ. ಕೇಳುವುದಕ್ಕೆ ಜಾಸ್ತಿ ಅಲ್ವಾ? ಎಂಡಿ5 ಎಂಬ ಹಳೆಯ ವಿಧಾನದಲ್ಲಿ ರುಬ್ಬಿದ್ದರೆ, ಹುಡುಗರು ಗೇಮ್ ಆಡಲು ಕೊಳ್ಳುವ ಒಂದು ದುಬಾರಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10,000 ಕೋಟಿಗೂ ಮೀರಿ ರುಬ್ಬುತ್ತದೆ. ಅಷ್ಟನ್ನೂ ಮುಗಿಸಲು ಎರಡು ಸೆಕೆಂಡ್ ಸಾಕು.

2012ರಲ್ಲಿ ಉದ್ಯೋಗಸ್ಥರ ಜಾಲತಾಣ ಲಿಂಕ್ಡ್‌ಇನ್‌ನಿಂದ ಪಾಸ್‌ವರ್ಡ್ ಚಟ್ನಿ ಕಳುವಾಯಿತು. ಮೊದಲು 65 ಲಕ್ಷ ಅಂದರು, 2016ರಲ್ಲಿ ಅದು 11.7 ಕೋಟಿ ಅಂತ ಗೊತ್ತಾಯಿತು. ಅದೂ ಉಪ್ಪಿಲ್ಲದ ಚಟ್ನಿ. ಅದೇ 2012ರಲ್ಲಿ, ಜನರ ಫೈಲುಗಳನ್ನು ಇಟ್ಟುಕೊಡುವ ಡ್ರಾಪ್‌ಬಾಕ್ಸ್‌ನವರು ಒಂದು ವಿಷಯ ಒಪ್ಪಿಕೊಂಡರು: ಬೇರೆ ಸೈಟುಗಳಲ್ಲಿ ಕದ್ದ ಪಾಸ್‌ವರ್ಡ್‌ಗಳಿಂದ ತಮ್ಮ ಕೆಲವು ಗ್ರಾಹಕರ ಅಕೌಂಟಿಗೆ ಕಳ್ಳರು ನುಗ್ಗಿದ್ದಾರೆ, ಕದ್ದ ಪಾಸ್‌ವರ್ಡಿನಿಂದಲೇ ತಮ್ಮ ಒಬ್ಬ ನೌಕರನ ಅಕೌಂಟಿಗೂ ಹೊಕ್ಕಿದ್ದಾರೆ. ಎಲ್ಲೋ ಕಳೆದ ಬೀಗದ ಕೈ, ಇನ್ನೆಲ್ಲೋ ಮನೆ ಖಾಲಿ. ಇದಕ್ಕೆ ಬುದ್ಧಿವಂತಿಕೆಯೂ ಬೇಡ. ಕದ್ದ ಪಟ್ಟಿಯನ್ನು ತಂದು ನೂರು ಸೈಟುಗಳಲ್ಲಿ ಹಾಕಿ ನೋಡುವ ಪ್ರೋಗ್ರಾಂ ಇದ್ದರೆ ಆಯಿತು. ನನ್ನ 'ಊರು@ವರ್ಷ'ವನ್ನು ನಾನು ಎಷ್ಟೇ ಜೋಪಾನ ಮಾಡಲಿ, ನಾನು ಯಾವತ್ತೋ ಒಂದು ಶರ್ಟ್ ಕೊಂಡ ಅಂಗಡಿಯ ಸೈಟು ಸೋರಿದರೆ ನನ್ನ ಬ್ಯಾಂಕಿನ ಬಾಗಿಲೂ ತೆರೆದ ಹಾಗೇ.

ಹಾಗಾದರೆ ಪ್ರತಿ ಸೈಟಿಗೂ ಬೇರೆ ಪಾಸ್‌ವರ್ಡ್ ಬೇಕು. ಅದೂ ತಲೆಬುಡ ಇಲ್ಲದ್ದು. ನನ್ನ ಹತ್ತಿರ ಈಗ ನೂರಾ ಎಂಬತ್ತು ಅಕೌಂಟ್ ಇವೆ. ಅಷ್ಟನ್ನೂ ನೆನಪಿಡುವ ಮನುಷ್ಯ ಹುಟ್ಟಿಲ್ಲ. ಅದಕ್ಕೇ ಪಾಸ್‌ವರ್ಡ್ ಮ್ಯಾನೇಜರ್. 1997ರಲ್ಲೇ ಬ್ರೂಸ್ ಶ್ನಾಯರ್ ಎಂಬ ಗುಪ್ತಲಿಪಿ ತಜ್ಞ 'ಪಾಸ್‌ವರ್ಡ್ ಸೇಫ್' ಅಂತ ಒಂದನ್ನು ಹೊರತಂದಿದ್ದರು. ಈಗ ಕೀಪಾಸ್, ಬಿಟ್‌ವಾರ್ಡನ್, 1ಪಾಸ್‌ವರ್ಡ್, ಜೊತೆಗೆ ಫೋನು-ಬ್ರೌಸರುಗಳಲ್ಲೇ ಬರುವಂಥವು. ಕೆಲಸ ಒಂದೇ. 'ಕ್ಷ7$ಟ್ರೊ' ಥರದ ಇಪ್ಪತ್ತಕ್ಷರದ ಕಲಸುಮೇಲೋಗರವನ್ನು ತಾನೇ ಹುಟ್ಟಿಸುತ್ತದೆ, ತಾನೇ ನೆನಪಿಡುತ್ತದೆ, ತಾನೇ ತುಂಬುತ್ತದೆ. ನನ್ನ ಬ್ಯಾಂಕಿನ ಪಾಸ್‌ವರ್ಡ್ ಏನು ಅಂತ ನೀವು ಕುತ್ತಿಗೆ ಹಿಡಿದು ಕೇಳಿದರೂ ಹೇಳಲು ನನಗೆ ಬರಲ್ಲ.

ಒಳಗೆ ಏನಾಗುತ್ತದೆ ಅಂದರೆ, ನೀವು ನೆನಪಿಡುವ ಒಂದೇ ಒಂದು ಮಾಸ್ಟರ್ ಪಾಸ್‌ವರ್ಡನ್ನು ಅದು ಬೇಕಂತಲೇ ಬಹಳ ಹೊತ್ತು ರುಬ್ಬುತ್ತದೆ. ಬಿಟ್‌ವಾರ್ಡನ್‌ನಲ್ಲಿ ಮಾಮೂಲಿ ಲೆಕ್ಕ 6 ಲಕ್ಷ ಸುತ್ತು. ನಿಮಗೆ ಅದು ಅರೆಕ್ಷಣ. ಕಳ್ಳನಿಗೆ ಪ್ರತಿಯೊಂದು ಊಹೆಗೂ 6 ಲಕ್ಷ ಸುತ್ತು ರುಬ್ಬುವ ಶಿಕ್ಷೆ. ಹೀಗೆ ರುಬ್ಬಿ ಬಂದದ್ದೇ ಕೀಲಿಕೈ. ಅದರಿಂದ ಉಳಿದ ಪಾಸ್‌ವರ್ಡ್‌ಗಳ ಪೆಟ್ಟಿಗೆಗೆ ನಿಮ್ಮ ಫೋನಿನಲ್ಲೇ ಬೀಗ ಬೀಳುತ್ತದೆ. ಕಂಪನಿಯ ಸರ್ವರಿಗೆ ಹೋಗುವುದು ಬೀಗ ಹಾಕಿದ ಪೆಟ್ಟಿಗೆ ಮಾತ್ರ. ಬ್ಯಾಂಕ್ ಲಾಕರಿನ ಹಾಗೆ ಅನ್ನೋಣ ಅಂದರೆ, ಲಾಕರ್ ಕೀ ಕಳೆದರೆ ಬ್ಯಾಂಕಿನವರು ದುಡ್ಡು ಕಟ್ಟಿಸಿಕೊಂಡು ಒಡೆಸಿ ಕೊಡುತ್ತಾರೆ. ಇಲ್ಲಿ ಮಾಸ್ಟರ್ ಮರೆತರೆ, ಬದಲಿ ವ್ಯವಸ್ಥೆ ಮೊದಲೇ ಮಾಡಿಟ್ಟುಕೊಳ್ಳದಿದ್ದರೆ, ಕಂಪನಿಯವರಿಗೂ ತೆಗೆಯಲು ಆಗಲ್ಲ.

'ಎಲ್ಲಾ ಒಡವೆ ಒಂದೇ ಪೆಟ್ಟಿಗೇಲಾ?' ಅಂತ ನನ್ನ ಹೆಂಡತಿ ಮೊದಲ ದಿನವೇ ಕೇಳಿದಳು. ನ್ಯಾಯವಾದ ಪ್ರಶ್ನೆ. 2022ರಲ್ಲಿ ಇಂಥದ್ದೇ ಮ್ಯಾನೇಜರ್ ನಡೆಸುವ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಪೆಟ್ಟಿಗೆಗಳ ಬ್ಯಾಕಪ್ ಕಳುವಾಯಿತು. ಒಳಗಿನ ಪಾಸ್‌ವರ್ಡ್‌ಗಳಿಗೆ ಬೀಗ ಇತ್ತು, ಆದರೆ ಯಾವ ಯಾವ ಸೈಟು ಅನ್ನುವ ವಿಳಾಸಗಳಿಗೆ ಇರಲಿಲ್ಲ. ಹಳೆಯ ಕೆಲವು ಅಕೌಂಟುಗಳಲ್ಲಿ ರುಬ್ಬುವ ಸುತ್ತು 5,000ದಲ್ಲೇ ನಿಂತಿತ್ತು. ಸಡಿಲ ಮಾಸ್ಟರ್ ಇಟ್ಟವರಿಗೆ ಅದು ನಿಜವಾದ ಅಪಾಯ. ಇಷ್ಟಾದರೂ ನಾನು ಮ್ಯಾನೇಜರ್ ಬಿಟ್ಟಿಲ್ಲ. ಒಂದು ಗಟ್ಟಿ ಪೆಟ್ಟಿಗೆಯನ್ನು ಕಾಯುವುದು ನೂರಾ ಎಂಬತ್ತು ಸೋರುವ ಡಬ್ಬಿಗಳನ್ನು ಕಾಯುವುದಕ್ಕಿಂತ ಸುಲಭ ಅಂತ ನನ್ನ ಲೆಕ್ಕ. ಪೆಟ್ಟಿಗೆಗೆ ಎರಡನೇ ಬೀಗವಾಗಿ ಫೋನಿನಲ್ಲಿ ಬರುವ ಕೋಡನ್ನೂ ಹಾಕಿಕೊಂಡಿದ್ದೇನೆ.

ಆದರೆ ನನ್ನ ಮಟ್ಟಿಗೆ ಮ್ಯಾನೇಜರಿನ ದೊಡ್ಡ ಉಪಕಾರ ನೆನಪಿಡುವುದಲ್ಲ, ಬಾಯಿ ಮುಚ್ಚಿಕೊಂಡಿರುವುದು. ಒಂದು ಸಂಜೆ ಬಸ್ಸಿನಲ್ಲಿ ನಿಂತಿದ್ದಾಗ ಮೆಸೇಜ್ ಬಂತು. ಕೆವೈಸಿ ಅವಧಿ ಮುಗಿದಿದೆ, ಇವತ್ತೇ ಸರಿ ಮಾಡದಿದ್ದರೆ ಖಾತೆ ಬಂದ್. ಒತ್ತಿದೆ. ಅದೇ ಬ್ಯಾಂಕಿನ ಬಣ್ಣ, ಅದೇ ಚಿತ್ರ, ಅದೇ ಲಾಗಿನ್ ಪೆಟ್ಟಿಗೆ. ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಫೋನ್ ಹಿಡಿದು ಕಾಯುತ್ತಿದ್ದೆ, ಪಾಸ್‌ವರ್ಡ್ ತುಂಬಲೇ ಇಲ್ಲ. ದಿನಾ ತಾನಾಗೇ ತುಂಬುವುದು ಇವತ್ತು ಸುಮ್ನೆ ಕೂತಿದೆ. ಆಪ್ ಕೆಟ್ಟಿತು ಅಂತ ಬೈದುಕೊಂಡೆ. ಆಮೇಲೆ ವಿಳಾಸ ನೋಡಿದರೆ ಬ್ಯಾಂಕಿನ ಹೆಸರಿನ 'ಎಂ' ಜಾಗದಲ್ಲಿ 'ಆರ್' ಮತ್ತು 'ಎನ್' ಅಂಟಿಕೊಂಡು ಕೂತಿದ್ದವು. ಇಂಗ್ಲಿಷಿನಲ್ಲಿ ಆ ಎರಡು ಸಣ್ಣ ಅಕ್ಷರ ಒತ್ತೊತ್ತಾಗಿ ಬಂದರೆ 'ಎಂ' ಥರವೇ ಕಾಣುತ್ತವೆ. ನನ್ನ ಕಣ್ಣಿಗೆ ಮೋಸ ಆಗಿತ್ತು. ಮ್ಯಾನೇಜರ್ ಬಣ್ಣ, ಚಿತ್ರ ನೋಡಲ್ಲ. ವಿಳಾಸದ ಅಕ್ಷರಗಳನ್ನಷ್ಟೇ ಹೋಲಿಸುತ್ತದೆ. ನನಗೆ ಪಾಸ್‌ವರ್ಡ್ ಬಾಯಿಪಾಠ ಇದ್ದಿದ್ದರೆ ಬಸ್ಸು ಮುಂದಿನ ಸ್ಟಾಪಿಗೆ ಬರುವುದರೊಳಗೆ ಟೈಪ್ ಮಾಡಿ ಕೊಟ್ಟುಬಿಟ್ಟಿರುತ್ತಿದ್ದೆ.

ಆಫೀಸಿನ ವಿಷಯ ಬೇರೆ ಥರ. ಹಿಂದೆ ನಾನಿದ್ದ ಒಂದು ಸಣ್ಣ ಕಂಪನಿಯಲ್ಲಿ ಎಲ್ಲ ಲಾಗಿನ್‌ಗಳೂ 'ಇಂಪಾರ್ಟೆಂಟ್' ಎಂಬ ಎಕ್ಸೆಲ್ ಶೀಟಿನಲ್ಲಿದ್ದವು. ಯಾರು ಕೇಳಿದರೂ ವಾಟ್ಸಾಪಿನಲ್ಲಿ ಕಳಿಸುತ್ತಿದ್ದರು. ಲೆಕ್ಕ ನೋಡುತ್ತಿದ್ದ ಹುಡುಗ ಕೆಲಸ ಬಿಟ್ಟು ಹೋದ. ಎಂಟು ತಿಂಗಳಾದ ಮೇಲೆ ಜಿಎಸ್‌ಟಿ ಕಟ್ಟುವ ಕೊನೆಯ ದಿನ ಯಾಕೋ ಒಟಿಪಿ ಬರುತ್ತಿಲ್ಲ. ನೋಡಿದರೆ ಅದು ಅವನ ಫೋನಿಗೆ ಹೋಗುತ್ತಿದೆ! ಪಾಪ, ಅವನು ಹೊಸ ಆಫೀಸಿನ ಮೀಟಿಂಗಿನಿಂದ ಎದ್ದು ಬಂದು ಆರು ಅಂಕಿ ಓದಿ ಹೇಳಿದ. ಒಳ್ಳೆಯ ಹುಡುಗ, ಬೇರೆಯವನಾಗಿದ್ದರೆ? ಈಗ ನಾನಿರುವ ಕಡೆ ತಂಡಕ್ಕೆ ಹಂಚಿಕೊಂಡ ಪೆಟ್ಟಿಗೆ ಇದೆ. ಯಾರು ಏನು ನೋಡಬಹುದು ಅಂತ ಅದರಲ್ಲೇ ಹೇಳಬಹುದು, ಹೋದವರ ಹೆಸರು ತೆಗೆದರೆ ಅವರಿಗೆ ಪೆಟ್ಟಿಗೆ ಬಂದ್. ಅವರು ಆಗಲೇ ನೋಡಿರುವ ಪಾಸ್‌ವರ್ಡ್‌ಗಳನ್ನು ಮಾತ್ರ ಬದಲಿಸಲೇಬೇಕು. ಎಷ್ಟೋ ಜನ ಇದನ್ನು ಮರೆಯುತ್ತಾರೆ.

90 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ ಅನ್ನುವ ಆಫೀಸುಗಳ ಮೇಲೆ ನನಗೆ ಹಳೇ ಸಿಟ್ಟಿದೆ. ಜನ ಏನು ಮಾಡುತ್ತಾರೆ? 'ಬೆಂಗಳೂರು@1' ಹೋಗಿ 'ಬೆಂಗಳೂರು@2' ಬರುತ್ತದೆ. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಅನ್ನುವ ನಿಯಮವನ್ನು 2003ರಲ್ಲಿ ಅಮೆರಿಕದಲ್ಲಿ ಮಾನದಂಡಗಳನ್ನು ರೂಪಿಸುವ ಸರ್ಕಾರಿ ಸಂಸ್ಥೆ ನಿಸ್ಟ್‌ಗೆ ಬರೆದುಕೊಟ್ಟ ಬಿಲ್ ಬರ್, ತಾನು ಮಾಡಿದ್ದರಲ್ಲಿ ಬಹುಪಾಲಿಗೆ ಈಗ ಪಶ್ಚಾತ್ತಾಪ ಇದೆ ಅಂತ 2017ರಲ್ಲಿ ಹೇಳಿದರು. ಅದೇ ವರ್ಷ ನಿಸ್ಟ್ ನಿಯಮವನ್ನೇ ತಿರುಗಿಸಿ ಬರೆಯಿತು. ಸೋರಿದ ಸುಳಿವಿಲ್ಲದೆ ಸುಮ್ಮಸುಮ್ಮನೆ ಬದಲಿಸಿ ಅನ್ನಬೇಡಿ, ಉದ್ದ ಇರಲಿ, ಮ್ಯಾನೇಜರ್ ಬಳಸುವವರಿಗಾಗಿ ಪೇಸ್ಟ್ ಮಾಡಲು ಬಿಡಿ. ಆದರೆ ನಮ್ಮಲ್ಲಿ ಇವತ್ತಿಗೂ ಪೇಸ್ಟ್ ಮಾಡಲು ಬಿಡದ ಸೈಟುಗಳಿವೆ. ಇಪ್ಪತ್ತೆರಡು ಅಕ್ಷರವನ್ನು ಒಂದೊಂದೇ ನೋಡಿ ಕುಟ್ಟುತ್ತಾ ಅವರಿಗೆ ನಾನು ಕೊಡುವ ಆಶೀರ್ವಾದ ಇಲ್ಲಿ ಬರೆಯುವ ಹಾಗಿಲ್ಲ.

ಉಳಿಯುವುದು ಆ ಒಂದು ಮಾಸ್ಟರ್. ಅದು ಪದಗಳ ಸಾಲಾಗಿದ್ದರೆ ಒಳ್ಳೆಯದು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ಎಂಬವರು 'ಡೈಸ್‌ವೇರ್' ಅಂತ ಒಂದು ವಿಧಾನ ತಂದರು. ಐದು ಸಲ ದಾಳ ಹಾಕಿದರೆ ಬರಬಹುದಾದ ಜೋಡಣೆಗಳು 7,776. ಅಷ್ಟು ಪದಗಳ ಪಟ್ಟಿಯಿಂದ ದಾಳ ಹೇಳಿದ ಪದ ತಗೊಳ್ಳಬೇಕು. ಹೀಗೆ ಐದು ಪದ ಸೇರಿಸಿದರೆ ಸಾಧ್ಯತೆಗಳು 2.84 ಲಕ್ಷ ಕೋಟಿ ಕೋಟಿ. ರುಬ್ಬುವ ಶಿಕ್ಷೆಯಿಂದಾಗಿ ಕಳ್ಳನ ಕಾರ್ಡ್ ಸೆಕೆಂಡಿಗೆ 10,000 ಊಹೆ ಮಾಡುತ್ತದೆ ಅಂದುಕೊಂಡರೂ, ಎಲ್ಲ ಮುಗಿಸಲು ಸುಮಾರು 9 ಕೋಟಿ ವರ್ಷ. ಪದ ಆರಿಸುವುದು ದಾಳವೇ ಆಗಿರಬೇಕು, ನಾವಲ್ಲ. ನಾವು ಆರಿಸಿದರೆ ಮನೆದೇವರೋ ಮಗಳೋ ಬಂದು ಕೂರುತ್ತಾರೆ. ಚೌಕಾಬಾರದ ಕವಡೆ ಇದಕ್ಕೆ ಆಗಿಬರಲ್ಲ, ಅದು ಎರಡೂ ಮಗ್ಗುಲಿಗೆ ಸಮನಾಗಿ ಬೀಳಲ್ಲ. ನಾನು ಮನೆಯಲ್ಲಿದ್ದ ದಪ್ಪ ಕನ್ನಡ ನಿಘಂಟು ತೆಗೆದು, ಪುಟವನ್ನೂ ಸಾಲನ್ನೂ ದಾಳಕ್ಕೇ ಬಿಟ್ಟೆ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದೇ ಕಷ್ಟ. 'ಬಾಳೆ'ಗೆ ಒಂದು 'ಎ'ನಾ ಎರಡಾ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಮೂರು ದಿನ ಬೆಳಗ್ಗೆ ಸಂಜೆ ಟೈಪ್ ಮಾಡಿದೆ, ಬೆರಳಿಗೆ ಬಂತು.

ನಾಳೆ ನನಗೇನಾದರೂ ಆದರೆ ಮನೆಯವರಿಗೆ ಪೆಟ್ಟಿಗೆ ತೆಗೆಯಲು ಬರಬೇಕಲ್ಲ. ಅಪ್ಪನ ದಾರಿಯನ್ನೇ ಹಿಡಿದೆ. ಆ ಐದು ಪದಗಳನ್ನು ಒಂದು ಚೀಟಿಯಲ್ಲಿ ದುಂಡಗೆ ಬರೆದು, ಆಸ್ತಿ ಪತ್ರಗಳ ಜೊತೆ ಬೀರುವಿನಲ್ಲಿಡು ಅಂತ ಹೆಂಡತಿಗೆ ಕೊಟ್ಟೆ. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಚೀಟಿ ಓದಿದಳು. ಐದರಲ್ಲಿ ಎರಡು ಕಾಳಿನ ಹೆಸರು ಬಂದಿದ್ದವು.

"ಇವೆರಡೂ ಮನೇಲಿವೆ ಕಣ್ರೀ," ಅಂದಳು. "ಈ ಏಣಿ ಯಾಕೆ?"

ಏಣಿ ಈಗ ಆ ಸಾಲಿನಲ್ಲಿಲ್ಲ. ನಿಮಗೆ ಹೇಳಿದ ಮೇಲೆ ಇಟ್ಟುಕೊಳ್ಳುವುದು ಹೇಗೆ ಅಂತ ದಾಳವನ್ನು ಇನ್ನೊಮ್ಮೆ ಹಾಕಿದೆ.