ಎಂಜಿನ್ ನಂಬರ್ ಸಿಕ್ಕರೆ ವಿಮಾನದ ಗುರುತು ಸಿಕ್ಕಂತೆಯೇ?

ಪ್ರಶ್ನೆ: ಸಮುದ್ರದ ತಳದಲ್ಲಿ ದಶಕಗಳಿಂದ ಬಿದ್ದಿರುವ ಎಂಜಿನ್ ಯಾವ ವಿಮಾನದ್ದೆಂದು ತಿಳಿಯಲು ಅದರ ಮೇಲಿನ ನಂಬರ್ ನೋಡಿದರೆ ಸಾಲದೇ? — ಕೊಪ್ಪಳದ ಓದುಗರೊಬ್ಬರು

ಉತ್ತರ: ಸಾಲದು. ಇದೇ ಉತ್ತರವನ್ನು ಎಷ್ಟನೆಯ ಸಲ ಬರೆಯುತ್ತಿದ್ದೇನೆಂಬ ಲೆಕ್ಕ ನನಗೇ ತಪ್ಪಿದೆ. ಸಂಡೂರು, ತೋರಣಗಲ್ಲಿನ ಅದಿರು ಲಾರಿಗಳ ನಡುವೆ ಬದುಕುವ ನಮಗೆ ಆರ್‌ಸಿಯಲ್ಲಿ ಎಂಜಿನ್ ನಂಬರೂ ಚಾಸಿ ನಂಬರೂ ಒಟ್ಟಿಗಿರುವುದನ್ನು ಕಂಡು ಅಭ್ಯಾಸವಾಗಿರುವುದರಿಂದ, ವಿಮಾನವೂ ಅದರ ಎಂಜಿನ್ನೂ ಕೊನೆಯವರೆಗೆ ಜೊತೆಯಾಗಿಯೇ ಇರುತ್ತವೆ ಎಂಬ ನಂಬಿಕೆ ಬೇರೂರಿದೆ. ವಾಸ್ತವದಲ್ಲಿ ನಿಗದಿತ ಗಂಟೆಗಳ ಹಾರಾಟ ಮುಗಿದಾಗ ಎಂಜಿನ್ನನ್ನು ಇಳಿಸಿ ಓವರ್‌ಹಾಲ್‌ಗೆ ಕಳುಹಿಸುತ್ತಾರೆ, ಅದರ ಜಾಗಕ್ಕೆ ಸಿದ್ಧವಿರುವ ಇನ್ನೊಂದನ್ನು ಏರಿಸುತ್ತಾರೆ; ದುರಸ್ತಿಯಾಗಿ ಬಂದದ್ದು ಬೇರಾವುದೋ ವಿಮಾನವನ್ನು ಸೇರುತ್ತದೆ. ಹೀಗಾಗಿ ಸರಣಿ ಸಂಖ್ಯೆ ದೊರೆತರೂ, ಅಂದು ಆ ಎಂಜಿನ್ ಯಾವ ವಿಮಾನದಲ್ಲಿತ್ತೆಂದು ಹೇಳುವ ದಾಖಲೆ ಬೇಕೇ ಬೇಕು.

ಇನ್ನೊಂದು ಎಡವಟ್ಟಿದೆ. ಎರಕದ ಮೇಲೆ ಉಬ್ಬಿ ಕಾಣುವ ಅಂಕಿಗಳು ಬಹುಪಾಲು ಬಿಡಿಭಾಗದ ಸಂಖ್ಯೆಗಳು. ಅವೇ ಅಂಕಿಗಳು ಸಾವಿರಾರು ಎಂಜಿನ್‌ಗಳಲ್ಲಿರುತ್ತವೆ. ತಯಾರಕರ ಹೆಸರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪ್ರಾಟ್ ಅಂಡ್ ವಿಟ್ನಿಯ ಆರ್-1830 ಎಂಜಿನ್ನನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ಯೂಕ್, ಷೆವರ್ಲೆ ಕಾರು ಕಾರ್ಖಾನೆಗಳೂ ತಯಾರಿಸಿದ್ದವು; ಫಲಕದಲ್ಲಿ ಬ್ಯೂಕ್ ಎಂದಿದ್ದರೆ ಅದು ಕಾರಿನದಲ್ಲ, ಮಹನೀಯರೇ!

ಉಪ್ಪುನೀರಿನಲ್ಲಿ ಮೆಗ್ನೀಷಿಯಂ ಮಿಶ್ರಲೋಹದ ಕವಚಗಳು ಬೇಗ ಕರಗುತ್ತವೆ, ಉಕ್ಕಿನ ಸಿಲಿಂಡರ್‌ಗಳು ಉಳಿಯುತ್ತವೆ. ಆದ್ದರಿಂದ ಮೊದಲು ಸಿಲಿಂಡರ್‌ಗಳನ್ನು ಎಣಿಸಬೇಕು, ಅನಂತರ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಅಳೆಯಬೇಕು. ವೃತ್ತಾಕಾರದ ಎರಡು ಸಾಲುಗಳಲ್ಲಿ ಹದಿನಾಲ್ಕು ಸಿಲಿಂಡರ್, ಬೋರ್ 5.5 ಇಂಚು, ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಕೂಡ 5.5 ಇಂಚು ಎಂದಾದರೆ, ಬೋರಿನ ವೃತ್ತದ ವಿಸ್ತೀರ್ಣವನ್ನು ಸ್ಟ್ರೋಕ್‌ನಿಂದಲೂ ಹದಿನಾಲ್ಕರಿಂದಲೂ ಗುಣಿಸಿ ನೋಡಿ: ಒಟ್ಟು ಗಾತ್ರ ಸುಮಾರು 1830 ಘನ ಇಂಚು. ಹೆಸರೇ ಲೆಕ್ಕದ ಉತ್ತರ! ಹದಿನಾಲ್ಕೇ ಸಿಲಿಂಡರ್‌ಗಳಿರುವ ರೈಟ್ ಆರ್-2600ರ ಬೋರ್ ಆರು ಇಂಚನ್ನು ಮೀರುವುದರಿಂದ ಅಳತೆಪಟ್ಟಿಯೇ ಎರಡನ್ನೂ ಬೇರ್ಪಡಿಸುತ್ತದೆ.

ಇಷ್ಟಾದರೂ ತಿಳಿದದ್ದು ಎಂಜಿನ್ನಿನ ಮಾದರಿ ಮಾತ್ರ. ಆರ್-1830 ಸಾಗಣೆ ವಿಮಾನ ಡಕೋಟಾದಲ್ಲಿಯೂ ಇತ್ತು, ಬಾಂಬರ್ ವಿಮಾನ ಲಿಬರೇಟರ್‌ನಲ್ಲಿಯೂ ಇತ್ತು, ಯುದ್ಧಕಾಲದಲ್ಲಿ ದುರಸ್ತಿಗೆಂದು ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದ ನೀರಿನ ಮೇಲಿಳಿಯುವ ವಿಮಾನ ಕ್ಯಾಟಲಿನಾದಲ್ಲಿಯೂ ಇತ್ತು. ಪಕ್ಕದಲ್ಲೇ ಎಂಜಿನ್ನಿನ ನಿಷ್ಕಾಸ ಅನಿಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಸೂಪರ್‌ಚಾರ್ಜರ್ ಬಿದ್ದಿದ್ದರೆ ಲಿಬರೇಟರ್ ಎಂಬ ಅನುಮಾನ ಬಲವಾಗುತ್ತದೆ.

ಹಾಗಾದರೆ ನಂಬರ್ ಎಂದೂ ಕೆಲಸಕ್ಕೆ ಬಂದಿಲ್ಲವೇ ಎಂದು ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. 2013ರಲ್ಲಿ ಅಟ್ಲಾಂಟಿಕ್‌ನ ತಳದಿಂದ ಎತ್ತಿದ, ಅಪೊಲೊ ಚಂದ್ರಯಾನಗಳ ಎಫ್-1 ರಾಕೆಟ್ ಎಂಜಿನ್‌ಗಳ ಭಾಗಗಳನ್ನು ಶುಚಿಗೊಳಿಸುತ್ತಿದ್ದಾಗ, ಬರಿಗಣ್ಣಿಗೆ ಕಾಣದಿದ್ದ 2044 ಎಂಬ ಬಣ್ಣದ ಅಂಕಿ ನೇರಳಾತೀತ ಬೆಳಕಿನಲ್ಲಿ ಗೋಚರಿಸಿತು. ಸಂರಕ್ಷಕರು ಅಷ್ಟಕ್ಕೇ ತೃಪ್ತರಾಗದೆ ತುಕ್ಕನ್ನು ಮತ್ತಷ್ಟು ತೆಗೆದಾಗ, ಲೋಹದ ಮೇಲೆ ಒತ್ತಿದ್ದ ಅದೇ ಸಂಖ್ಯೆ ಸಿಕ್ಕಿತು. ತಯಾರಕರ 2044 ನಾಸಾದ ಕಡತದಲ್ಲಿ 6044 ಆಗಿತ್ತು. ಅದು ಅಪೊಲೊ 11ರ ಐದನೆಯ ಎಂಜಿನ್ ಎಂದು ಅದೇ ಕಡತ ಹೇಳಿತು.