ಒಂದೇ ವಿವರಣೆ ಕೈಪಿಡಿಯಲ್ಲಿ ಎರಡು ಸಲ ಏಕೆ ಬರುತ್ತದೆ?

ಅನೇಕ ತಂತ್ರಾಂಶಗಳ ಕೈಪಿಡಿಯನ್ನು ಇಂದು ಯಾರೂ ಪ್ರತ್ಯೇಕವಾಗಿ ಕುಳಿತು ಬರೆಯುವುದಿಲ್ಲ. ಒಂದು ಫಂಕ್ಷನ್ (ನಿರ್ದಿಷ್ಟ ಕೆಲಸವೊಂದನ್ನು ಮಾಡುವ ಕೋಡ್‌ನ ಘಟಕ) ಏನು ಮಾಡುತ್ತದೆ, ಯಾವ ಮೌಲ್ಯಗಳನ್ನು ಪಡೆಯುತ್ತದೆ, ಏನನ್ನು ಹಿಂದಿರುಗಿಸುತ್ತದೆ ಎಂಬುದನ್ನು ಪ್ರೋಗ್ರಾಮರ್ ಸೋರ್ಸ್ ಕೋಡ್‌ನಲ್ಲೇ, ಆ ಫಂಕ್ಷನ್‌ಗೆ ಅಂಟಿಕೊಂಡಂತೆ, ಟಿಪ್ಪಣಿಯಾಗಿ ಬರೆದಿಡುತ್ತಾರೆ; ಆ ಟಿಪ್ಪಣಿಗಳನ್ನು ಹೆಕ್ಕಿ ಪುಟಗಳಾಗಿ ಜೋಡಿಸುವ ಕೆಲಸ ಒಂದು ಉಪಕರಣದ್ದು. ಜಾವಾ ಭಾಷೆಗೆ ಜಾವಾಡಾಕ್, ಸಿ ಮತ್ತು ಸಿ++ ಭಾಷೆಗಳಿಗೆ 1997ರಲ್ಲಿ ಬಂದ ಡಾಕ್ಸಿಜನ್, ಪೈಥಾನ್‌ಗೆ 2008ರಲ್ಲಿ ಬಂದ ಸ್ಫಿಂಕ್ಸ್ ಇಂಥವು. ವಿವರಣೆ ಕೋಡ್‌ನ ಪಕ್ಕದಲ್ಲೇ ಇದ್ದರೆ ಕೋಡ್ ಬದಲಾದಾಗ ಅದೂ ಬದಲಾಗುತ್ತದೆ ಎಂಬುದು ಈ ಪದ್ಧತಿಯ ಹಿಂದಿನ ನಂಬಿಕೆ. ಒಂದೇ ವಿವರಣೆ ಎರಡು ಕಡೆ ಇದ್ದಾಗ ಆ ನಂಬಿಕೆ ಮುರಿಯುತ್ತದೆ.

ಸಿ++ ಭಾಷೆಯನ್ನೇ ನೋಡೋಣ. ಅಲ್ಲಿ ಒಂದು ಫಂಕ್ಷನ್ನಿನ ಹೆಸರು ಮತ್ತು ಅದು ಪಡೆಯುವ ಮೌಲ್ಯಗಳನ್ನು ತಿಳಿಸುವ ಘೋಷಣೆ ಹೆಡರ್ ಫೈಲ್‌ನಲ್ಲಿಯೂ ಕೆಲಸ ಮಾಡುವ ಕೋಡ್ ಆದ ಅದರ ಒಡಲು ಇನ್ನೊಂದು ಫೈಲ್‌ನಲ್ಲಿಯೂ ಇರುವುದರಿಂದ, ಶ್ರದ್ಧೆಯುಳ್ಳ ಪ್ರೋಗ್ರಾಮರ್ ಎರಡೂ ಕಡೆ ಟಿಪ್ಪಣಿ ಬರೆಯುತ್ತಾರೆ. ಡಾಕ್ಸಿಜನ್ ಇಂಥ ಸಂದರ್ಭದಲ್ಲಿ ಸಂಕ್ಷಿಪ್ತ ವಿವರಣೆಯನ್ನು ಘೋಷಣೆಯ ಕಡೆಯಿಂದಲೂ ವಿಸ್ತೃತ ವಿವರಣೆಯನ್ನು ಒಡಲಿನ ಕಡೆಯಿಂದಲೂ ಆಯ್ದುಕೊಳ್ಳುತ್ತದೆ. ಕಾಯುವ ಅವಧಿಯನ್ನು ಮೊದಲು ಸೆಕೆಂಡುಗಳಲ್ಲಿ ಪಡೆಯುತ್ತಿದ್ದ ಫಂಕ್ಷನ್ನನ್ನು ಮಿಲಿಸೆಕೆಂಡುಗಳಿಗೆ ಬದಲಾಯಿಸಿದವರು ಒಡಲಿನ ಬಳಿಯ ಟಿಪ್ಪಣಿಯನ್ನು ಮಾತ್ರ ತಿದ್ದಿದರು ಎಂದುಕೊಳ್ಳಿ. ಆಗ ಕೈಪಿಡಿಯ ಒಂದೇ ನಮೂದಿನಲ್ಲಿ ಮೊದಲ ಸಾಲು ಸೆಕೆಂಡು ಎನ್ನುತ್ತದೆ, ಅದರ ಕೆಳಗಿನ ಸಾಲು ಮಿಲಿಸೆಕೆಂಡು ಎನ್ನುತ್ತದೆ. ಸಾವಿರ ಪಟ್ಟಿನ ಈ ವ್ಯತ್ಯಾಸದಲ್ಲಿ ಯಾವುದು ಸರಿ ಎಂದು ತಿಳಿಯಲು ಓದುಗರು ಕೊನೆಗೆ ಕೋಡ್‌ ಅನ್ನೇ ಬಿಚ್ಚಿ ನೋಡಬೇಕು. ಕೈಪಿಡಿ ಇದ್ದೂ ಇಲ್ಲದಂತಾಯಿತು. ಬಳಸುವವರಿಗೆ ಬೇಕಾದ ವಿವರಣೆ ಹೆಡರ್‌ನಲ್ಲಿ ಮಾತ್ರ ಇರಲಿ, ಒಡಲಿನ ಬಳಿ ಒಳಗಿನ ಲೆಕ್ಕಾಚಾರವನ್ನು ತಿಳಿಸುವ ಸಾಮಾನ್ಯ ಟಿಪ್ಪಣಿಗಳಷ್ಟೇ ಇರಲಿ ಎಂದು ತಂಡವೊಂದು ಮೊದಲೇ ನಿರ್ಧರಿಸಿಕೊಂಡರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಕೆಲವು ಪುನರಾವರ್ತನೆಗಳಿಗೆ ಉಪಕರಣದ ಪೂರ್ವನಿಗದಿತ ಆಯ್ಕೆಗಳೇ ಕಾರಣ. ಡಾಕ್ಸಿಜನ್‌ನ 'ರಿಪೀಟ್ ಬ್ರೀಫ್' ಎಂಬ ಆಯ್ಕೆ ತಾನಾಗಿಯೇ ಜಾರಿಯಲ್ಲಿರುವುದರಿಂದ ಸಂಕ್ಷಿಪ್ತ ವಿವರಣೆ ವಿಸ್ತೃತ ಭಾಗದ ಆರಂಭದಲ್ಲಿ ಮತ್ತೊಮ್ಮೆ ಕಾಣಿಸಿಕೊಳ್ಳುತ್ತದೆ. ಲೇಖಕರೂ ವಿಸ್ತೃತ ಭಾಗವನ್ನು ಅದೇ ವಾಕ್ಯದಿಂದ ಆರಂಭಿಸಿದ್ದರೆ ಅದು ಬೆನ್ನುಬೆನ್ನಿಗೆ ಎರಡು ಸಲ ಅಚ್ಚಾಗುತ್ತದೆ.

ಸ್ಫಿಂಕ್ಸ್‌ನಲ್ಲಿ ಸಮಸ್ಯೆಯ ಬೇರು ಬೇರೆ ಕಡೆ ಇದೆ. ಕ್ಲಾಸ್ (ಮೌಲ್ಯಗಳನ್ನೂ ಅವುಗಳ ಮೇಲೆ ಕೆಲಸ ಮಾಡುವ ಫಂಕ್ಷನ್‌ಗಳನ್ನೂ ಒಟ್ಟುಗೂಡಿಸಿದ ಘಟಕ) ಒಂದರ ಗುಣಗಳನ್ನು, ಅಂದರೆ ಅದು ಹಿಡಿದಿಡುವ ಮೌಲ್ಯಗಳನ್ನು, ಅದರ ಟಿಪ್ಪಣಿಯೊಳಗೆ ಪಟ್ಟಿ ಮಾಡಿ, ಜೊತೆಗೆ ಕ್ಲಾಸಿನ ಎಲ್ಲ ಸದಸ್ಯರನ್ನೂ (ಅದರೊಳಗಿನ ಗುಣ ಮತ್ತು ಫಂಕ್ಷನ್‌ಗಳನ್ನು) ತಾನಾಗಿ ಸೇರಿಸು ಎಂದು ಉಪಕರಣಕ್ಕೆ ಹೇಳಿದರೆ ಪ್ರತಿ ಗುಣವೂ ಎರಡು ದಾರಿಯಿಂದ ಬಂದು ಎರಡು ಸಲ ಕೂರುತ್ತದೆ. ಹಾಗೆಯೇ, ಪ್ಯಾಕೇಜಿನ (ಮಾಡ್ಯೂಲ್ ಎಂಬ ಕೋಡ್ ಫೈಲ್‌ಗಳ ಗುಂಪಿನ) ಒಳಗಿನ ಮಾಡ್ಯೂಲ್‌ನಲ್ಲಿ ಹುಟ್ಟಿದ ಕ್ಲಾಸನ್ನು ಪ್ಯಾಕೇಜಿನ ಮೇಲ್ಮಟ್ಟದಿಂದಲೂ ಒದಗಿಸಿದ್ದಾಗ ಅದಕ್ಕೆ ಎರಡು ವಿಳಾಸಗಳಾಗುತ್ತವೆ, ಎರಡೂ ವಿಳಾಸಗಳಲ್ಲಿ ಒಂದೇ ಪುಟ ತಯಾರಾಗಬಹುದು. ಇಲ್ಲಿ ನನ್ನ ನಿಲುವು ಸ್ಪಷ್ಟ: ಬಳಕೆದಾರರು ತಮ್ಮ ಪ್ರೋಗ್ರಾಮಿನಲ್ಲಿ ಬರೆಯುವ ವಿಳಾಸವೇ ಕೈಪಿಡಿಯ ವಿಳಾಸವೂ ಆಗಬೇಕು, ಏಕೆಂದರೆ ಮಾಡ್ಯೂಲ್‌ಗಳ ಒಳಜೋಡಣೆ ನಾಳೆ ಬದಲಾಗಬಹುದು. ವಿವರಣೆ ಎರಡು ಪುಟಗಳಲ್ಲಿಯೂ ಇರಲೇಬೇಕೆಂದಾದರೆ, ಒಂದಕ್ಕೆ 'ನೋ-ಇಂಡೆಕ್ಸ್' ಎಂಬ ಗುರುತು ಹಾಕಿ ಅದನ್ನು ಸೂಚಿಯಿಂದ ಹೊರಗಿಡಬಹುದು. ರಸ್ಟ್ ಭಾಷೆಯಲ್ಲೂ ಹೀಗೆ ಇನ್ನೊಂದು ವಿಳಾಸದಿಂದಲೂ ಒದಗಿಸಿದ, ಅಂದರೆ ಮರುರಫ್ತಾದ, ವಸ್ತುವಿನ ವಿವರಣೆಯನ್ನು ಅಲ್ಲೇ ತೋರಿಸಬೇಕೋ ಬರಿಯ ಕೊಂಡಿ ಕೊಡಬೇಕೋ ಎಂದು ಲೇಖಕರು ಸೂಚಿಸಬಹುದು.

ಹಾಗೆಂದು ಕೈಪಿಡಿಯಲ್ಲಿ ಯಾವ ಮಾತೂ ಎರಡು ಸಲ ಬರಬಾರದು ಎಂದಲ್ಲ. ಮೂಲ ಕ್ಲಾಸಿನಿಂದ ಬಂದ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಒಂದರ ಪುಟವನ್ನು ತೆರೆದವರಿಗೆ ಅದರ ವಿವರಣೆ ಅಲ್ಲಿಯೇ ಸಿಗಬೇಕು. ಮೂರು ಪುಟ ಹಿಂದಕ್ಕೆ ಅಲೆಸುವುದು ಸಲ್ಲದು. ಹಾನಿಯಾಗುವುದು ಅದನ್ನು ಕೈಯಿಂದ ನಕಲು ಮಾಡಿ ಬರೆದಾಗ. ಜಾವಾಡಾಕ್‌ನಲ್ಲಿ, ಮೂಲ ಕ್ಲಾಸಿನ ಮೆಥಡ್ಡನ್ನು ಮತ್ತೆ ಬರೆದಾಗ ಆ ಹೊಸ ಮೆಥಡ್‌ಗೆ ಟಿಪ್ಪಣಿ ಇಲ್ಲದಿದ್ದರೆ ಉಪಕರಣವೇ ಮೂಲದ ಟಿಪ್ಪಣಿಯನ್ನು ತರುತ್ತದೆ; ಅದಕ್ಕೆ ಇನ್ನೊಂದು ಮಾತು ಸೇರಿಸಬೇಕಿದ್ದರೆ 'ಇನ್‌ಹೆರಿಟ್‌ಡಾಕ್' ಎಂದು ಬರೆದು ಮುಂದುವರಿಸಬಹುದು. ಡಾಕ್ಸಿಜನ್‌ನ 'ಕಾಪಿಡಾಕ್' ಪರಸ್ಪರ ಸಂಬಂಧವಿಲ್ಲದ ಫಂಕ್ಷನ್‌ಗಳ ನಡುವೆಯೂ ಇದನ್ನೇ ಮಾಡುತ್ತದೆ, 'ಸ್ನಿಪ್ಪೆಟ್' ಎಂಬುದು ಪರೀಕ್ಷೆಗೆಂದು ಬರೆದ ಕೋಡ್‌ನ ತುಣುಕನ್ನೇ ಉದಾಹರಣೆಯಾಗಿ ಎತ್ತಿ ತರುತ್ತದೆ. ಓದುಗರಿಗೆ ನಾಲ್ಕು ಕಡೆ ಕಂಡರೂ ತಿದ್ದುವವರಿಗೆ ಅದು ಇರುವುದು ಒಂದೇ ಕಡೆ.

ಒಂದೇ ಹೆಸರು ಎರಡು ಸಲ ವಿವರಿಸಲ್ಪಟ್ಟರೆ ಸ್ಫಿಂಕ್ಸ್ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆಯನ್ನು ದೋಷವೆಂದೇ ಪರಿಗಣಿಸುವ ಆಯ್ಕೆಯನ್ನು ಜಾರಿಗೊಳಿಸಿದರೆ, ಅದನ್ನು ಸರಿಪಡಿಸದ ಹೊರತು ಕೈಪಿಡಿಯ ನಿರ್ಮಾಣ ಯಶಸ್ವಿಯಾಗುವುದಿಲ್ಲ. ಡಾಕ್ಸಿಜನ್‌ನಲ್ಲೂ ಇಂಥದೇ ಆಯ್ಕೆಯಿದೆ. ಆದರೆ ಉಪಕರಣಗಳು ಗುರುತಿಸುವುದು ಹೆಸರುಗಳನ್ನು. ಒಂದೇ ಸಂಗತಿಯನ್ನು ಬೇರೆ ಪದಗಳಲ್ಲಿ ಎರಡು ಕಡೆ ಬರೆದಿದ್ದರೆ ಅವುಗಳಿಗೆ ತಿಳಿಯದು. ಅದಕ್ಕಾಗಿ ಕೋಡ್ ಪರಿಶೀಲಿಸುವವರು ಬದಲಾದ ಟಿಪ್ಪಣಿಯ ಜೊತೆಗೆ ಅದರಿಂದ ತಯಾರಾದ ಪುಟವನ್ನೂ ತೆರೆದು, ಮೇಲಿನಿಂದ ಕೆಳಗಿನವರೆಗೆ ಓದಬೇಕಾಗುತ್ತದೆ.