ಗಡಿಕೇಶ್ವಾರದ ಸದ್ದು, ಸುಣ್ಣಕಲ್ಲಿನ ಮೇಲಿನ ಅಪವಾದ

2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲದಡಿಯಿಂದ ಸದ್ದು ಕೇಳಿಬಂದು, ಜನ ಮನೆಯೊಳಗೆ ಮಲಗಲು ಹೆದರಿದರು. ಒಂದು ಕಂಪನದ ತೀವ್ರತೆ 4.1ರಷ್ಟಿತ್ತು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರಲ್ಲಾದ ಭೀಕರ ಭೂಕಂಪವನ್ನು ಮರೆಯದ ಸೀಮೆ ಅದು. ‘ಸುಣ್ಣಕಲ್ಲಿಗೆ ಮಳೆನೀರು ತಾಗಿ ಹೀಗಾಗುತ್ತಿದೆ’ ಎಂಬ ಮಾತು ಆಗ ಹಬ್ಬಿತು. ಅದರಲ್ಲಿ ಅರ್ಧ ನಿಜ. ಉಳಿದರ್ಧ ಸುಣ್ಣದ ಭಟ್ಟಿಯಿಂದ ಬಂದದ್ದು.

ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ 100 ಕಿಲೊ ಶುದ್ಧ ಸುಣ್ಣಕಲ್ಲು 44 ಕಿಲೊ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು 56 ಕಿಲೊ ಸುಟ್ಟ ಸುಣ್ಣವಾಗುತ್ತದೆ. ನೀರು ಬಿದ್ದರೆ ಭುಸುಗುಟ್ಟಿ, ಕುದ್ದು, ಅರಳುವುದು ಅದು. ಹಸಿ ಕಲ್ಲಿಗೆ ಆ ಗುಣವಿಲ್ಲ. ಇದ್ದಿದ್ದರೆ ಪ್ರತಿ ಮಳೆಗಾಲಕ್ಕೂ ಶಹಾಬಾದ್ ಕಲ್ಲು ಹಾಸಿದ ಅಂಗಳಗಳೆಲ್ಲ ಸಿಡಿಯಬೇಕಿತ್ತು!

ಶಹಾಬಾದ್, ಸೇಡಂ, ಚಿತ್ತಾಪುರದ ಈ ಕಲ್ಲು ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲಿನದು. ಶಂಖ, ಕಪ್ಪೆಚಿಪ್ಪು ಹುಡುಕಿದರೆ ಸಿಗುವುದಿಲ್ಲ. ಆಳವಿಲ್ಲದ ಕಡಲಿನ ತಳದಲ್ಲಿ, ಗ್ರಾನೈಟಿನ ಮೇಲೆ, ಮೊದಲು ಮರಳು ಮತ್ತು ಜೇಡಿ ಕೂತವು. ಆಮೇಲೆ ಸುಣ್ಣದ ನುಣ್ಣನೆಯ ಕೆಸರು. ನಡುನಡುವೆ ದಡದಿಂದ ಜೇಡಿ ಬಂದಾಗ ಕಾಗದದಂಥ ಪದರ ಬಿತ್ತು. ಖಣಿಯಲ್ಲಿ ಉಳಿ ಇಟ್ಟು ಹೊಡೆದರೆ ಹಾಸುಗಲ್ಲು ಏಳುವುದು ಅಲ್ಲೇ. ಜೇಡಿ ಹೆಚ್ಚಾದ ಕಡೆ ಹಾಸು ನಾಲ್ಕು ಬೇಸಿಗೆಗೆ ಸಿಪ್ಪೆ ಸುಲಿಯುತ್ತದೆ. ಕೆಲವು ಕಲ್ಲುಗಳಲ್ಲಿ ಗರಗಸದ ಹಲ್ಲಿನಂಥ ಕಪ್ಪು ಗೆರೆ ಕಾಣುತ್ತದೆ. ಮೇಲಿನ ಭಾರಕ್ಕೆ ಸುಣ್ಣ ಕರಗಿ ಹೋಗಿ, ಕರಗದ ಜೇಡಿಯಷ್ಟೇ ಉಳಿದ ಗುರುತದು.

ಮುಂದೆ ಸ್ತರಭಂಗಗಳು, ಅಂದರೆ ಬಂಡೆ ಒಡೆದು ಎರಡು ಬದಿಗಳೂ ಪರಸ್ಪರ ಜಾರಿದ ಬಿರುಕುಗಳು, ಈ ಪದರಗಳನ್ನು ಸೀಳಿದವು; ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಲಾವಾ ಉತ್ತರದ ಭಾಗವನ್ನು ಮುಚ್ಚಿತು.

ಮಳೆನೀರು ಗಾಳಿಯಿಂದ, ಅದಕ್ಕಿಂತ ಹೆಚ್ಚಾಗಿ ಮಣ್ಣಿನಿಂದ, ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗಿ ಬಿರುಕುಗಳನ್ನು ಅಗಲಿಸುತ್ತದೆ. ಆದರೆ ಅದು ಸಾವಿರಾರು ವರ್ಷಗಳ, ಸದ್ದಿಲ್ಲದ ಕೆಲಸ. ಅರ್ಧ ನಿಜ ಎಂದದ್ದು ನೀರಿನ ಒತ್ತಡದ ಬಗ್ಗೆ. ಬಿರುಕಿನಲ್ಲಿ ನೀರು 10 ಮೀಟರ್ ಏರಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೊ ಒತ್ತಡ ಕೂಡುತ್ತದೆ. ಮೊದಲೇ ಬಿಗಿದು ನಿಂತ ಸ್ತರಭಂಗದಲ್ಲಿ ಅಷ್ಟಕ್ಕೇ ಹಿಡಿತ ಸಡಿಲಿ ಜಾರಬಹುದು. ಬಿಗಿತ ಬಂಡೆಯದು, ನೀರು ನೆಪ. ಆಳ ಕಡಿಮೆಯಿದ್ದರೆ ಕಂಪನದ ಚುರುಕಾದ ಅಲೆಗಳು ನೆಲ ದಾಟಿ ಗಾಳಿಗೆ ಬಂದು ಸ್ಫೋಟದಂತೆ ಕೇಳುತ್ತವೆ.

ಖಣಿಯ ಸಿಡಿಮದ್ದಿನ ಸದ್ದೇ ಇರಬಹುದೆಂಬ ಅನುಮಾನವನ್ನು ಒಂದೇ ಭೂಕಂಪನ ಮಾಪಕ ನೆಟ್ಟು ತೀರಿಸಲಾಗದು. ಸಿಡಿಮದ್ದಾದರೆ ಸುತ್ತಲಿನ ಎಲ್ಲ ಮಾಪಕಗಳಲ್ಲೂ ಮೊದಲ ಅಲೆ ಹೊರಕ್ಕೆ ತಳ್ಳುತ್ತದೆ. ಸ್ತರಭಂಗ ಜಾರಿದರೆ ಕೆಲವು ದಿಕ್ಕಿಗೆ ತಳ್ಳಿ, ಕೆಲವು ದಿಕ್ಕಿನಿಂದ ಎಳೆಯುತ್ತದೆ.